ಮೇಷ್ಟ್ರ ಎರಡು ಬಟ್ಟಲು

ನಮ್ಮ ಮನೆಯ ನಾಯಿಗೆ ಮೇಷ್ಟ್ರು ಎಂದು ಹೆಸರಿಟ್ಟವಳು ನನ್ನ ಹೆಂಡತಿ. ಮರಿಯಾಗಿದ್ದಾಗಲೇ ಅದರ ಒಂದು ಕಿವಿ ನೆಟ್ಟಗೆ ನಿಂತಿರುತ್ತಿತ್ತು, ಇನ್ನೊಂದು ಮಡಚಿಕೊಂಡಿರುತ್ತಿತ್ತು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರ ಹಾಗೆ ತಲೆ ವಾಲಿಸಿಕೊಂಡು ಎದುರಿಗೆ ಬಂದು ಕೂರುತ್ತಿತ್ತು. 'ಇವರ ಮುಂದೆ ಸುಳ್ಳು ಹೇಳೋಕಾಗಲ್ಲ ಕಣ್ರೀ, ಮೇಷ್ಟ್ರ ಥರ ನೋಡ್ತಾರೆ' ಎಂದಳು. ಅವತ್ತಿನಿಂದ ನಾಯಿಗೆ ಬಹುವಚನ ಬಂತು. ಮೇಷ್ಟ್ರು ಬಂದರು, ಮೇಷ್ಟ್ರು ಹೋದರು, ಮೇಷ್ಟ್ರು ಚಪ್ಪಲಿ ಕಚ್ಚಿದರು. ಬೀದಿಯಲ್ಲಿ ನನ್ನನ್ನು ಹೋಗೋ ಬಾರೋ ಎನ್ನುವವರೂ ನಮ್ಮ ನಾಯಿಯನ್ನು 'ಊಟ ಆಯ್ತಾ ಮೇಷ್ಟ್ರೇ' ಎಂದು ವಿಚಾರಿಸಿಕೊಳ್ಳುತ್ತಿದ್ದರು.

ನನ್ನದು ಮಾಂಸದ ಅಂಗಡಿ. ಅಪ್ಪ ಕೊಟ್ಟ ಕತ್ತಿ, ಅಪ್ಪ ಕೊಟ್ಟ ಮರದ ದಿಮ್ಮಿ, ಅಪ್ಪ ಕೊಟ್ಟ ಕೋಪ. ಅಂಗಡಿ ಮುಂದೆ, ಮನೆ ಹಿಂದೆ, ಮಧ್ಯೆ ಒಂದು ಬಾಗಿಲು. ನನಗೆ ಒಬ್ಬಳೇ ಮಗಳು. ಅವಳಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಅಂತೀರಿ, ನಾಯಿಗಳ ಆಹಾರ ಮಾಡುವ ಕಾರ್ಖಾನೆಯಲ್ಲಿ. ಯಂತ್ರದಿಂದ ಉದುರಿ ಬರುವ ಕಾಳನ್ನು ಪಾಳಿಗೆ ನಾಲ್ಕು ಸಲ ಒಂದೊಂದು ಬೊಗಸೆ ತಂದು, ತೂಗಿ, ಒಣಗಿಸಿ, ಮುರಿದು, ಮೂಸಿ ನೋಡಿ ಬರೆದಿಡುವುದು ಅವಳ ಕೆಲಸ. ಎದುರಂಗಡಿಯ ಸೈಕಲ್ ರಿಪೇರಿಯವನು, 'ಕಡಿಯೋದು ಅಪ್ಪ, ಮೂಸೋದು ಮಗಳು, ಪಾಪ ನಾಯಿಗೆ ಇನ್ನೇನು ಕೆಲಸ ಉಳೀತು' ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಆಗ ನಗುವ ಮನೆಯಾಗಿತ್ತು ಅದು.

ಹೆಂಡತಿ ಇದ್ದಷ್ಟು ದಿನ ಮೇಷ್ಟ್ರ ಊಟದ ವಿಚಾರ ನಮ್ಮಿಬ್ಬರಿಗೂ ಬರಲಿಲ್ಲ. ನಾನು ಅಂಗಡಿ ಮುಚ್ಚುವಾಗ ಮೂಳೆ, ನೀವು ಲಿವರ್ ಅನ್ನುವ ಈಲಿ, ಕೊಬ್ಬಿನ ಚೂರು ಕಟ್ಟಿ ಅವಳ ಕೈಗೆ ಕೊಡುತ್ತಿದ್ದೆ. ಮಗಳು ಕಾರ್ಖಾನೆಯಿಂದ ಕಾಳಿನ ಚೀಲ ತಂದು ಅವಳ ಕೈಗೇ ಕೊಡುತ್ತಿದ್ದಳು. ಅವಳು ಹಿತ್ತಲ ಬಾಗಿಲಲ್ಲಿ ಕೂತು ಮೇಷ್ಟ್ರಿಗೆ ತಿನ್ನಿಸುತ್ತಿದ್ದಳು. ಏನು ತಿನ್ನಿಸುತ್ತಿದ್ದಳು, ಎಷ್ಟು ತಿನ್ನಿಸುತ್ತಿದ್ದಳು, ಯಾರೂ ಹೋಗಿ ನೋಡಲಿಲ್ಲ. ನಾಯಿ ಮಿರಿಮಿರಿ ಮಿಂಚುತ್ತಿತ್ತು, ಅಷ್ಟು ಸಾಕಾಗಿತ್ತು. ಅದು ನನ್ನ ಮಾಂಸದ ಮಿಂಚು ಎಂದು ನಾನು ತಿಳಿದಿದ್ದೆ. ತನ್ನ ಕಾಳಿನ ಮಿಂಚು ಎಂದು ಮಗಳು ತಿಳಿದಿದ್ದಳು.

ಹೆಂಡತಿ ತೀರಿಹೋದ ಮೇಲೆ ಮೇಷ್ಟ್ರು ನಮ್ಮಿಬ್ಬರ ಮಧ್ಯೆ ಉಳಿದರು. ಅವಳದು ಅಂತ ಮನೆಯಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ. ಅದು ಬದುಕಿರಬೇಕು ಎನ್ನುವುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಏನು ತಿಂದು ಬದುಕಬೇಕು ಎನ್ನುವುದರಲ್ಲಿ ಮಾತ್ರ ಇತ್ತು.

'ಅಪ್ಪ, ಹಸಿ ಮಾಂಸದಲ್ಲಿ ಹುಳ ಇರತ್ತೆ, ಕ್ರಿಮಿ ಇರತ್ತೆ. ಮೂಳೆ ಗಂಟಲಿಗೆ ಸಿಕ್ಕೊಂಡ್ರೆ ಏನ್ ಮಾಡ್ತೀಯ?'

'ತೋಳಕ್ಕೆ ಯಾರು ಚೀಲದಲ್ಲಿ ಕಾಳು ಕಟ್ಟಿಕೊಟ್ಟಿದ್ರು?'

'ತೋಳ ಎಷ್ಟು ವರ್ಷ ಬದುಕತ್ತೆ ಗೊತ್ತಾ? ಆರೋ ಏಳೋ. ಮೇಷ್ಟ್ರಿಗೆ ಹನ್ನೊಂದು ನಡೀತಿದೆ.'

'ಅದು ನನ್ನ ಮೂಳೆ ಕಡಿದು ಬಂದ ಹನ್ನೊಂದು.'

'ಅಲ್ಲ, ನನ್ನ ಕಾಳು ತಿಂದು ಬಂದ ಹನ್ನೊಂದು.'

'ಅದು ಕಾಳಲ್ಲ ಮಗಳೇ, ಗೊಬ್ಬರದ ಗುಳಿಗೆ. ಗಿಡಕ್ಕೆ ಹಾಕು, ಹೂವಾದ್ರೂ ಬಿಡತ್ತೆ.'

ಹೀಗೆ ಶುರುವಾದರೆ ಮುಗಿಯುತ್ತಿರಲಿಲ್ಲ. ಅವಳ ಹತ್ತಿರ ಲೆಕ್ಕ ಇತ್ತು, ಪ್ರೋಟೀನ್ ಇಷ್ಟು, ಸುಣ್ಣದಂಶ ಇಷ್ಟು ಎಂದು ಚೀಲ ತಿರುಗಿಸಿ ಓದುತ್ತಿದ್ದಳು. ನನ್ನ ಹತ್ತಿರ ಕಣ್ಣಿತ್ತು. ನಲವತ್ತು ವರ್ಷ ಪ್ರಾಣಿಗಳ ಒಳಗೂ ಹೊರಗೂ ನೋಡಿದವನು ನಾನು, ನನಗೆ ಚೀಲದ ಹಿಂಬದಿ ಓದಿ ಹೇಳುತ್ತಾಳೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಬುದ್ಧಿ ಅವಳಿಗೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಮರದ ದಿಮ್ಮಿ ಬೇಡವೆಂದಳು, ಕೋಪವನ್ನು ಮಾತ್ರ ಪೂರ್ತಿ ತೆಗೆದುಕೊಂಡಳು.

ಕೊನೆಗೆ ಒಂದು ರಾಜಿ ಆಯಿತು. ಬೆಳಿಗ್ಗೆ ನನ್ನದು, ಸಂಜೆ ಅವಳದು. ಹೆಂಡತಿ ತಂದಿಟ್ಟಿದ್ದ ಎರಡು ಸ್ಟೀಲ್ ಬಟ್ಟಲು ಇದ್ದವು, ಒಂದೇ ಅಳತೆಯವು. ಎಡಗಡೆಯದು ಮಾಂಸಕ್ಕೆ, ಬಲಗಡೆಯದು ಕಾಳಿಗೆ. ಮೇಲೆ ಗೋಡೆಗೆ ಮಗಳು ಒಂದು ಚಾರ್ಟ್ ಅಂಟಿಸಿದಳು. ಹಾಕಿದ್ದೆಷ್ಟು, ಬಿಟ್ಟಿದ್ದೆಷ್ಟು, ಮೇಷ್ಟ್ರ ತೂಕ ಎಷ್ಟು, ಎಲ್ಲಕ್ಕೂ ಗೆರೆ ಎಳೆದು ಮನೆ ಮಾಡಿದ್ದಳು. ಕಾರ್ಖಾನೆಯ ಬುದ್ಧಿ. ನಾನೂ ಒಪ್ಪಿದೆ, ಯಾಕೆಂದರೆ ಗೆಲ್ಲುತ್ತೇನೆ ಎಂದುಕೊಂಡಿದ್ದೆ.

ಮೂರು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಮೇಷ್ಟ್ರು ಊಟ ಬಿಡತೊಡಗಿದರು.

ಮೊದಲು ಸ್ವಲ್ಪ ಸ್ವಲ್ಪ. ಬೆಳಿಗ್ಗೆ ಮೂಳೆಯನ್ನು ಬಾಯಿಗೆ ತೆಗೆದುಕೊಂಡು ಒಂದು ಕಡೆಗೆ ತಲೆ ವಾಲಿಸಿ ಕಡಿಯುತ್ತಿದ್ದರು, ಆಮೇಲೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಸಂಜೆಯ ಕಾಳು ಬಾಯಿಗೆ ಹೋಗಿ ನೆನೆದು ಹಾಗೇ ಕೆಳಗೆ ಬೀಳುತ್ತಿತ್ತು. ಬಾಯಿಂದ ಜೊಲ್ಲು ಸುರಿಯುವುದು ಜಾಸ್ತಿಯಾಯಿತು. ವಾಸನೆಯೂ ಬಂತು.

'ನೋಡು, ಕೊಳೆತ ಮಾಂಸದ ವಾಸನೆ' ಎಂದಳು ಮಗಳು.

'ನನ್ನ ಅಂಗಡಿಯಲ್ಲಿ ಕೊಳೆತ ಮಾಂಸ ಇಲ್ಲ. ಇದು ನಿನ್ನ ಕಾರ್ಖಾನೆ ಹೊಗೆ ವಾಸನೆ' ಎಂದೆ ನಾನು.

ಒಂದು ದಿನ ಎಡಗಡೆ ಬಟ್ಟಲಿನ ಅಂಚಿಗೆ ರಕ್ತ ಅಂಟಿತ್ತು. ನಾನು ನೋಡಿದೆ. ಬೇರೆ ಯಾರ ಮನೆಯಲ್ಲಾದರೂ ಎದೆ ಧಸಕ್ಕೆನ್ನುತ್ತಿತ್ತು. ಮಾಂಸದವನ ಮನೆಯಲ್ಲಿ ರಕ್ತ ಕಂಡರೆ ಏನಂತೆ, ನೀರು ಹಾಕಿ ತೊಳೆದೆ. ಮಗಳು ಏನು ಮಾಡಿದಳು ಎಂದು ಆಮೇಲೆ ತಿಳಿಯಿತು. ಕೆಳಗೆ ಬಿದ್ದ ನೆನೆದ ಕಾಳನ್ನು ಆಯ್ದು ಕಾರ್ಖಾನೆಗೆ ಒಯ್ದು, ಅದೇ ಚೀಲದ ಕಾಳನ್ನು ಯಂತ್ರದಲ್ಲಿಟ್ಟು ಎಷ್ಟು ಒತ್ತಿದರೆ ಮುರಿಯುತ್ತದೆ ಎಂದು ಮೂರು ಸಲ ಪರೀಕ್ಷೆ ಮಾಡಿದ್ದಳಂತೆ. ಕಾಳು ಸರಿಯಾಗಿಯೇ ಇತ್ತು. ನನ್ನ ಮಾಂಸವೂ ಸರಿಯಾಗಿಯೇ ಇತ್ತು. ನಾವಿಬ್ಬರೂ ನಮ್ಮ ನಮ್ಮ ಊಟವನ್ನು ಎಷ್ಟು ಚೆನ್ನಾಗಿ ನೋಡಿಕೊಂಡೆವು ಎಂದರೆ, ಹೇಳಬಾರದು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡ ಹೆಂಡಿರ ಬದಲು ಅಪ್ಪ ಮಗಳು, ಅಷ್ಟೇ ವ್ಯತ್ಯಾಸ. ಮೇಷ್ಟ್ರ ಪಕ್ಕೆಲುಬು ಒಂದೊಂದಾಗಿ ಎಣಿಸಲು ಬಂತು. ಚಾರ್ಟಿನಲ್ಲಿ ತೂಕದ ಮನೆಯ ಅಂಕಿ ವಾರದಿಂದ ವಾರಕ್ಕೆ ಇಳಿಯಿತು. ಆದರೂ ಅವರು ನನ್ನ ಎದುರಿಗೆ ಎಡಗಡೆ ಬಟ್ಟಲಿನಿಂದ ಒಂದು ಚೂರು ನುಂಗುತ್ತಿದ್ದರು, ಅವಳ ಎದುರಿಗೆ ಬಲಗಡೆ ಬಟ್ಟಲಿನಿಂದ ನಾಲ್ಕು ಕಾಳು ನುಂಗುತ್ತಿದ್ದರು. ನುಂಗಿ ಇಬ್ಬರಿಗೂ ಬಾಲ ಅಲ್ಲಾಡಿಸುತ್ತಿದ್ದರು.

ಇದನ್ನು ನಾನು ಮೊದಲು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ನೆನಪಾಗಲು ನನಗೆ ಬಹಳ ದಿನ ಹಿಡಿಯಿತು, ಅಥವಾ ನೆನಪಾಗುವುದು ನನಗೆ ಬೇಡವಾಗಿತ್ತು. ನನ್ನ ಹೆಂಡತಿ ಕೊನೆಯ ಎರಡು ತಿಂಗಳು ಹೀಗೆಯೇ ಊಟ ಬಿಟ್ಟಿದ್ದಳು. ಮೂಳೆ ಬೇಯಿಸಿದ ಸೂಪ್ ಕುಡಿದರೆ ಮೈಗೆ ಹತ್ತುತ್ತದೆ ಎಂದು ನಾನು. ಡಾಕ್ಟರು ಹೇಳಿದ ಡಬ್ಬಿಯ ಪುಡಿಯನ್ನು ಹಾಲಿಗೆ ಹಾಕಿ ಕೊಡಬೇಕು ಎಂದು ಮಗಳು. ಮಂಚದ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಎತ್ತು ಏರಿಗೆ ಕೋಣ ನೀರಿಗೆ. ಅವಳು ನನ್ನ ಸೂಪಿನಲ್ಲಿ ಒಂದು ಚಮಚ, ಮಗಳ ಹಾಲಿನಲ್ಲಿ ಒಂದು ಚಮಚ ಕುಡಿದು, ಇಬ್ಬರಿಗೂ ನಕ್ಕು, ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಒಂದು ಸಲ ಮಾತ್ರ, 'ಇಬ್ರೂ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ' ಎಂದಿದ್ದಳು. ನಾವು ಕೂತೆವು. ಕೂತು ಮತ್ತೆ ಲೋಟ ಎತ್ತಿಕೊಂಡೆವು.

ಮೇಷ್ಟ್ರನ್ನು ಪ್ರಾಣಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಮಗಳು. ನಾನೂ ಜೊತೆಗೆ ಹೋದೆ, ಅವಳ ಕಡೆಯ ಮಾತನ್ನಷ್ಟೇ ಕೇಳಿ ಡಾಕ್ಟರಮ್ಮ ತೀರ್ಪು ಕೊಟ್ಟುಬಿಟ್ಟರೆ ಎಂಬ ಭಯ. ಕ್ಲಿನಿಕ್ ತುಂಬಿತ್ತು. ಬೆಕ್ಕಿನ ಬುಟ್ಟಿಗಳು, ಕುಂಯ್‌ಗುಟ್ಟುವ ಮರಿಗಳು, ಫಿನಾಯಿಲ್ ವಾಸನೆ. ಡಾಕ್ಟರಮ್ಮ ಹೊಟ್ಟೆ ಅಮುಕಿ ನೋಡಿದರು, ಜ್ವರ ನೋಡಿದರು, ರಕ್ತ ತೆಗೆದರು. ಬಾಯಿ ತೆರೆಯಲು ಹೋದಾಗ ಮೇಷ್ಟ್ರು ದವಡೆ ಗಟ್ಟಿಯಾಗಿ ಕಚ್ಚಿ ಹಿಡಿದು ಗುರ್ ಎಂದರು. ಹನ್ನೊಂದು ವರ್ಷದಲ್ಲಿ ಅವರು ಮನುಷ್ಯರ ಮೇಲೆ ಗುರ್ ಎಂದದ್ದು ಅದೇ ಮೊದಲು.

'ಡಾಕ್ಟ್ರೇ, ನೀವೇ ಹೇಳಿ' ಎಂದಳು ಮಗಳು. 'ಹಸಿ ಮಾಂಸ ಸರೀನಾ, ಡ್ರೈ ಫುಡ್ ಸರೀನಾ?'

ಡಾಕ್ಟರಮ್ಮ ಕೈ ತೊಳೆಯುತ್ತಾ, 'ಎರಡ್ರಲ್ಲೂ ಚೆನ್ನಾಗಿ ಬದುಕಿದ ನಾಯಿಗಳನ್ನ ನೋಡಿದೀನಿ. ಎರಡ್ರಲ್ಲೂ ಕೆಟ್ಟಿರೋದನ್ನೂ ನೋಡಿದೀನಿ' ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಅವರು ಮುಂದುವರಿಸಿದರು. 'ಅದಿರಲಿ, ಮೊದಲು ಬಾಯಿ ನೋಡ್ಬೇಕು. ಇಲ್ಲಿ ಹೆದರ್ತಿದ್ದಾನೆ. ಮನೇಲಿ ಅವನಿಗೆ ಪಳಗಿದ ಕೈ ಯಾರ್ದಾದ್ರೂ ಇದ್ರೆ, ಸಮಾಧಾನವಾಗಿ ತುಟಿ ಎತ್ತಿ, ಹಲ್ಲು, ವಸಡು, ನಾಲಿಗೆ ಕೆಳಗೆ ಎಲ್ಲ ನೋಡಿ. ಏನಾದ್ರೂ ಕಂಡ್ರೆ ತಕ್ಷಣ ಕರ್ಕೊಂಡ್ ಬನ್ನಿ. ಮಂಪರು ಕೊಟ್ಟು ನೋಡೋಣ.'

'ಅಪ್ಪ ನೋಡ್ತಾರೆ' ಎಂದಳು ಮಗಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು, ಅದು ಈಗಲೂ ನನ್ನ ಕಿವಿಯಲ್ಲಿದೆ. 'ಹಲ್ಲು ನೋಡೋದ್ರಲ್ಲಿ ನಮ್ಮಪ್ಪನ್ನ ಬಿಟ್ರೆ ಇಲ್ಲ.'

ಅದು ನಿಜ. ವಾರಕ್ಕೊಂದು ದಿನ ಸಂತೆಗೆ ಹೋಗಿ ಕುರಿ ಕೊಳ್ಳುವವನು ನಾನು. ತುಟಿ ಎತ್ತಿ ಹಲ್ಲು ನೋಡಿದರೆ ವಯಸ್ಸು, ಮೇವು, ಕಾಯಿಲೆ ಮೂರನ್ನೂ ಹೇಳುತ್ತೇನೆ. ಆದರೆ ಅಪ್ಪ ನನಗೆ ಕತ್ತಿಯ ಜೊತೆಗೆ ಇನ್ನೊಂದು ಮಾತನ್ನೂ ಕೊಟ್ಟಿದ್ದ. ನಾನು ಚಿಕ್ಕವನಿದ್ದಾಗ ಮನೆಯ ಮೇಕೆಮರಿಯೊಂದರ ಬಾಯಿ ತೆರೆದು ಅಪ್ಪನ ಹಾಗೆ ಹಲ್ಲು ನೋಡುವ ಆಟ ಆಡಿದ್ದೆ. ಅಪ್ಪ ಕೈಗೆ ಒಂದು ಬಿಟ್ಟ. 'ನಮ್ಮ ಕಸುಬಿನವರು ಬಾಯಿ ನೋಡಿದ ಪ್ರಾಣಿ ಉಳಿಯಲ್ಲ. ಸಾಕಿದ್ದರ ಬಾಯಿ ಯಾವತ್ತೂ ನೋಡಬೇಡ.' ಮೂಢನಂಬಿಕೆ ಎನ್ನಿ. ನಾನು ಬಾಯಿ ತೆರೆದು ನೋಡಿದ ಪ್ರಾಣಿಗಳಲ್ಲಿ ಒಂದಾದರೂ ಮರುವಾರ ಬದುಕಿದ್ದಿಲ್ಲ, ಅದಂತೂ ಲೆಕ್ಕಕ್ಕೆ ಸರಿಯಾದ ಮಾತು. ಹನ್ನೊಂದು ವರ್ಷ ಮೇಷ್ಟ್ರ ಕಿವಿ ತೊಳೆದಿದ್ದೇನೆ, ಉಗುರು ಕತ್ತರಿಸಿದ್ದೇನೆ, ಕಾಲಿನ ಮುಳ್ಳು ತೆಗೆದಿದ್ದೇನೆ. ಬಾಯಿಗೆ ಮಾತ್ರ ಕೈ ಹಾಕಿಲ್ಲ.

ಅವತ್ತು ಮಧ್ಯಾಹ್ನ ಮೇಷ್ಟ್ರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅವರು ಬಂದು ನನ್ನ ಮೊಣಕಾಲಿನ ಮೇಲೆ ಗದ್ದ ಇಟ್ಟರು. ನನ್ನ ಹೆಬ್ಬೆರಳು ತುಟಿಯ ಹತ್ತಿರ ಹೋಯಿತು. ಅವರು ಗುರ್ ಎನ್ನಲಿಲ್ಲ, ದವಡೆ ಬಿಗಿಯಲಿಲ್ಲ. ತುಟಿ ಎತ್ತಬೇಕೆಂದಿದ್ದರೆ ಎತ್ತಬಹುದಿತ್ತು. ಅಪ್ಪನ ಮಾತು ನೆನಪಾಯಿತು, ಕೈ ನಿಂತಿತು.

ಬರೀ ಅಪ್ಪನ ಮಾತಿನಿಂದ ನಿಂತಿತು ಎಂದರೆ ಅದು ಸುಳ್ಳಾಗುತ್ತದೆ. ಹಲ್ಲು ಸವೆದಿದ್ದರೆ, ಮುರಿದಿದ್ದರೆ, ಅದು ಮೂಳೆ ಕಡಿದು ಆದದ್ದು ಎಂದು ಮಗಳು ಹೇಳುತ್ತಾಳೆ. ಚಾರ್ಟಿನಲ್ಲಿ ಬರೆಯುತ್ತಾಳೆ. ನಾಳೆಯಿಂದ ಎಡಗಡೆ ಬಟ್ಟಲು ಎತ್ತಿಡಬೇಕಾಗುತ್ತದೆ. ಹೆಂಡತಿ ಹೋದಳು, ಅಂಗಡಿಗೆ ನನ್ನ ನಂತರ ಬರುವವರಿಲ್ಲ, ಇನ್ನು ನಾಯಿಗೂ ನನ್ನ ಕೈಯ ತುತ್ತು ಬೇಡ. ಅದು ನನ್ನ ಮನಸ್ಸಿಗೆ ಬಂತು. ಮೇಷ್ಟ್ರು ತಲೆ ವಾಲಿಸಿ, ಒಂದು ಕಿವಿ ಎತ್ತಿ, ನನ್ನ ಮುಖವನ್ನೇ ನೋಡುತ್ತಿದ್ದರು.

ಒಳಗೆ ಬಂದೆ. ಮಗಳು ಪೆನ್ನು ಹಿಡಿದು ಚಾರ್ಟಿನ ಹತ್ತಿರ ನಿಂತಿದ್ದಳು.

'ನೋಡಿದ್ಯಾ?'

'ನೋಡಿದೆ. ಹಲ್ಲೆಲ್ಲ ಕಲ್ಲಿನ ಹಂಗಿದೆ. ಬಾಯಲ್ಲಿ ಏನೂ ಇಲ್ಲ.'

ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಕೈ ತೊಳೆದುಕೊಂಡೆನೋ ಇಲ್ಲವೋ ಎಂದು ನೋಡುತ್ತಿದ್ದಾಳೆ ಎಂದುಕೊಂಡೆ, ಅದು ಅವಳ ಅಭ್ಯಾಸ. 'ಹೌದಾ' ಎಂದು ಚಾರ್ಟಿನ ಕಡೆ ತಿರುಗಿ 'ಬಾಯಿ, ಹಲ್ಲು: ಸರಿ' ಎಂದು ಬರೆದಳು. ಕೆಳಗೆ ತಾರೀಕು ಹಾಕಿದಳು.

ರಕ್ತ ಪರೀಕ್ಷೆಯಲ್ಲಿ ದೊಡ್ಡದೇನೂ ಬರಲಿಲ್ಲ. ಡಾಕ್ಟರಮ್ಮ ಫೋನಿನಲ್ಲಿ, 'ಬಾಯಿ ನೋಡಿದ್ರಾ' ಎಂದು ಮತ್ತೆ ಕೇಳಿದರಂತೆ. 'ನೋಡಿದ್ವಿ, ಸರಿಯಿದೆ' ಎಂದಳಂತೆ ಮಗಳು. ಹೊಟ್ಟೆಗೆ ಒಂದು ಔಷಧಿ ಬಂತು. ಆಮೇಲೆ ಎರಡು ತಿಂಗಳು ನಾವು ಹಟಕ್ಕೆ ಬಿದ್ದವರ ಹಾಗೆ ಊಟ ಬದಲಾಯಿಸಿದೆವು. ನಾನು ಮೂಳೆ ಬಿಟ್ಟು ಕೀಮಾ ಮಾಡಿದೆ, ಕೀಮಾ ಬಿಟ್ಟು ಈಲಿಯನ್ನು ಅರೆದೆ. ಅವಳು ಮುದಿ ನಾಯಿಗಳ ಕಾಳು ತಂದಳು, ಹೊಟ್ಟೆ ಸರಿಯಿಲ್ಲದ ನಾಯಿಗಳ ಕಾಳು ತಂದಳು, ಬಿಸಿನೀರಿನಲ್ಲಿ ನೆನೆಹಾಕಿದಳು. ಯಾವುದನ್ನು ಇಟ್ಟರೂ ಮೇಷ್ಟ್ರು ಎದ್ದು ಬಂದು ಮೂಸಿ, ಇಟ್ಟವರ ಮುಖ ನೋಡಿ, ಒಂದಷ್ಟು ನೆಕ್ಕಿ ಹೋಗಿ ಮಲಗುತ್ತಿದ್ದರು.

ಒಂದು ಬೆಳಿಗ್ಗೆ ಅವರು ಮಲಗಿದ್ದ ಗೋಣಿಚೀಲ ರಕ್ತದಲ್ಲಿ ಒದ್ದೆಯಾಗಿತ್ತು. ಈ ಸಲ ನೀರು ಹಾಕಿ ತೊಳೆಯಲು ಆಗಲಿಲ್ಲ. ಇದು ಕುರಿಯದಲ್ಲ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಎತ್ತಿಕೊಂಡೆ. ಮೂವತ್ತು ಕಿಲೋ ತೂಗುತ್ತಿದ್ದವರು ಮರಿಯ ಹಾಗೆ ತೋಳಿನ ಮೇಲೆ ಬಂದರು.

ಡಾಕ್ಟರಮ್ಮ ಮಂಪರು ಕೊಟ್ಟು ಬಾಯಿ ತೆರೆದರು. ಆಮೇಲೆ ನಮ್ಮನ್ನು ಹತ್ತಿರ ಕರೆದು ಟಾರ್ಚ್ ಹಿಡಿದರು. ನಾಲಿಗೆಯ ಕೆಳಗೆ, ಬಲಗಡೆಗೆ, ನಿಂಬೆಹಣ್ಣಿನಷ್ಟು ಕಪ್ಪು ಗೆಡ್ಡೆ. ಮೇಲ್ಭಾಗ ಒಡೆದಿತ್ತು. ಹಿಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು, ದವಡೆಯ ಮೂಳೆಯನ್ನೇ ಅದು ತಿಂದಿತ್ತು. ಉಳಿದ ಹಲ್ಲುಗಳು ಹನ್ನೊಂದು ವರ್ಷದ ನಾಯಿಗೆ ಬಹಳ ಚೆನ್ನಾಗಿದ್ದವು. ಅದನ್ನೂ ನಾನು ಗಮನಿಸಿದೆ. ಕಣ್ಣಿಗೆ ಅಭ್ಯಾಸ, ಏನು ಮಾಡಲಿ.

'ಎರಡು ತಿಂಗಳ ಹಿಂದೆ ಮನೇಲಿ ನೋಡಿದ್ರಲ್ಲ' ಎಂದರು ಡಾಕ್ಟರಮ್ಮ. 'ಆಗ ಏನೂ ಇರಲಿಲ್ವಾ?'

ನಾನು ಬಾಯಿ ತೆರೆಯುವ ಮೊದಲೇ ಮಗಳು, 'ಇರಲಿಲ್ಲ' ಎಂದಳು.

'ಹಾಗಾದ್ರೆ ಬಹಳ ಬೇಗ ಬೆಳೆದಿದೆ.'

'ಆಗಲೇ ಸಿಕ್ಕಿದ್ದಿದ್ರೆ?' ಎಂದು ಕೇಳಿದೆ.

'ಚಿಕ್ಕದಿದ್ದಾಗ ತೆಗೀಬಹುದಿತ್ತು. ತೆಗೆದ್ರೂ ಉಳೀತಿದ್ನೋ ಇಲ್ವೋ ಹೇಳೋಕಾಗಲ್ಲ. ಕೆಲವು ನಾಯಿಗಳು ಒಂದು ವರ್ಷ, ಎರಡು ವರ್ಷ ಇರ್ತಾವೆ. ಇಷ್ಟು ದಿನ ನೋವಂತೂ ತಿಂತಿರಲಿಲ್ಲ.' ಅವರು ಟಾರ್ಚ್ ಆರಿಸಿದರು. 'ಇವನಿಗೆ ಹಸಿವಿತ್ತು. ಹೊಟ್ಟೆ ಸರಿಯಾಗೇ ಇತ್ತು. ತಿನ್ನೋಕೆ ಬಾಯಿ ಬಿಡ್ತಿರಲಿಲ್ಲ, ಅಷ್ಟೇ. ಮಂಪರಿಂದ ಎಬ್ಬಿಸಿದ್ರೆ ಮತ್ತೆ ಅದೇ ಹಸಿವು, ಅದೇ ನೋವು. ಮಲಗಿದ್ದ ಹಾಗೇ ಕಳಿಸಿಕೊಡೋದು ಒಳ್ಳೇದು. ನೀವು ಯೋಚನೆ ಮಾಡಿ ಹೇಳಿ.'

ಇವನಿಗೆ ಹಸಿವಿತ್ತು. ದಿನಕ್ಕೆ ಎರಡು ಬಟ್ಟಲು ತುಂಬಾ ಊಟ ಮುಂದಿಟ್ಟು, ಕಣ್ಣೆದುರಿಗೇ ಹಸಿವಿನಿಂದ ಒಣಗಿಸಿದ್ದೆವು. ಅವರು ಊಟ ಬೇಡ ಎಂದಿರಲಿಲ್ಲ. ಪ್ರತಿಸಲ ಎದ್ದು ಬಂದಿದ್ದರು.

ಮಗಳು ತಲೆ ಆಡಿಸಿದಳು. ನಾನೂ ಆಡಿಸಿದೆ. ನಮ್ಮಿಬ್ಬರಿಗೂ ಒಂದೇ ಅಭಿಪ್ರಾಯ ಬಂದದ್ದು ವರ್ಷದಲ್ಲಿ ಅದೊಂದೇ ಸಲ. ಸೂಜಿ ಚುಚ್ಚುವಾಗ ಮಗಳು ಮಡಚಿದ ಕಿವಿಯನ್ನು ಹಿಡಿದುಕೊಂಡಿದ್ದಳು. ನಾನು ಗದ್ದದ ಕೆಳಗೆ ಕೈ ಇಟ್ಟಿದ್ದೆ, ಹಿತ್ತಲಿನ ಕಲ್ಲಿನ ಮೇಲೆ ಇಟ್ಟ ಹಾಗೆ. ನಾವು ಬಾಯಿ ನೋಡಿದ ಪ್ರಾಣಿ ಉಳಿಯಲ್ಲ ಎಂದು ಅಪ್ಪ ಹೇಳಿದ್ದ. ಅಪ್ಪನ ಮಾತು ಉಳಿಯಿತು, ಯಾಕೆಂದರೆ ಬಾಯಿ ನೋಡದೆ ನಾನು ಅದನ್ನು ಅಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೆ, ಮೇಷ್ಟ್ರು ಉಳಿಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತೆವು. ಒಳಗೆ ಅವರು ಮೇಷ್ಟ್ರನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಎದುರಿಗೆ ಒಬ್ಬ ಹೆಂಗಸು ಮೊಲವನ್ನು ಮಡಿಲಲ್ಲಿಟ್ಟುಕೊಂಡು ನಮ್ಮನ್ನು ನೋಡದ ಹಾಗೆ ನೋಡುತ್ತಿದ್ದಳು.

'ಮಗಳೇ' ಎಂದೆ. 'ನಾನು ಅವತ್ತು ಬಾಯಿ ನೋಡಿರಲಿಲ್ಲ. ಸುಳ್ಳು ಹೇಳಿದೆ.'

ಅವಳು ಬೈಯಲಿ ಎಂದು ಕಾದೆ. ಅಪ್ಪ ಕೊಟ್ಟ ಕೋಪ ಅವಳ ಹತ್ತಿರ ಬೇಕಾದಷ್ಟಿದೆ, ಪೂರ್ತಿ ಸುರಿಯಲಿ ಎಂದು ಕಾದೆ.

'ಗೊತ್ತಿತ್ತು' ಎಂದಳು.

'ಏನ್ ಗೊತ್ತಿತ್ತು?'

'ನಿನ್ನ ಕೈ ಒಣಗಿತ್ತು ಅಪ್ಪ. ಅಷ್ಟು ಜೊಲ್ಲು ಸುರೀತಿತ್ತು ಅವ್ರಿಗೆ. ಬಾಯೊಳಗೆ ಕೈ ಹಾಕಿದವರ ಕೈ ಒಣಗಿರತ್ತಾ?'

'ಮತ್ಯಾಕೆ ಕೇಳಲಿಲ್ಲ ನೀನು? ಯಾಕೆ ಬರ್ಕೊಂಡೆ?'

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಕಾಳಿನ ಪುಡಿ ಇತ್ತು, ಎಷ್ಟು ತೊಳೆದರೂ ಹೋಗದ್ದು. ನನ್ನ ಉಗುರಿನ ಸಂದಿಯಲ್ಲೂ ಇರುತ್ತದೆ, ಬೇರೆಯದು.

'ನಮ್ಮ ಚೀಲದ ಮೇಲೆ ಬರೆದಿದೆ, ಹಲ್ಲು ಚೊಕ್ಕಟವಾಗಿಡತ್ತೆ ಅಂತ. ಆ ಸಾಲು ಸರಿ ಅಂತ ನಾನೇ ಸಹಿ ಹಾಕಿದೀನಿ. ಬಾಯಿ ಕೆಟ್ಟಿದ್ರೆ ನೀನೊಬ್ನೇ ಸೋಲ್ತಿರಲಿಲ್ಲ, ನಾನೂ ಸೋಲ್ತಿದ್ದೆ. ನೀನು ಸರಿಯಿದೆ ಅಂದೆ. ನಂಗೂ ಅದೇ ಬೇಕಿತ್ತು.' 'ನಿನ್ನ ಪಕ್ಕದಲ್ಲಿ ಕೂತು ನಾನೇ ತುಟಿ ಎತ್ತಿ ನೋಡ್ಬಹುದಿತ್ತು. ಪೆನ್ನು ಹಿಡ್ಕೊಂಡು ಒಳಗೆ ನಿಂತ್ಕೊಂಡೆ.'

ನಿನ್ನ ತಪ್ಪಲ್ಲ ಎಂದರೆ ಅದು ಮತ್ತೊಂದು ಸುಳ್ಳು. ನಾವಿಬ್ಬರೂ ಸೇರಿ ಕೊಂದೆವು ಎಂದರೆ ಅದೂ ಪೂರ್ತಿ ನಿಜವಲ್ಲ, ಕೊಂದದ್ದು ಗೆಡ್ಡೆ. ಮೇಷ್ಟ್ರನ್ನು ನೋವಿನ ಜೊತೆಗೆ ಒಬ್ಬರನ್ನೇ ಬಿಟ್ಟೆವು, ಅಷ್ಟು ನಿಜ.

ಹಿತ್ತಲಲ್ಲಿ, ಒಗೆಯುವ ಕಲ್ಲಿನ ಪಕ್ಕದಲ್ಲಿ ಗುಂಡಿ ತೋಡಿದೆ. ಸೈಕಲ್ ರಿಪೇರಿಯವನು ತಾನೇ ಹಾರೆ ತಂದು ಕೈ ಜೋಡಿಸಿದ. ಇಪ್ಪತ್ತು ವರ್ಷ ಪ್ರತಿಯೊಂದಕ್ಕೂ ಒಂದು ಕುಚೋದ್ಯ ಹೇಳಿದವನು ಅವತ್ತು ಒಂದೂ ಹೇಳಲಿಲ್ಲ. ಹೋಗುವಾಗ ಗುಂಡಿಯ ಕಡೆ ತಿರುಗಿ, 'ಬರ್ತೀನಿ ಮೇಷ್ಟ್ರೇ' ಎಂದ. ಆಗ ನನಗೆ ಅಳು ಬಂತು. ಅಲ್ಲಿಯವರೆಗೂ ಬಂದಿರಲಿಲ್ಲ.

ಒಳಗೆ ಎರಡು ಬಟ್ಟಲೂ ಇಟ್ಟಲ್ಲೇ ಇದ್ದವು. ಎಡಗಡೆಯದರಲ್ಲಿ ಅರೆದ ಈಲಿ ಕಪ್ಪಾಗಿತ್ತು, ಬಲಗಡೆಯದರಲ್ಲಿ ನೆನೆದ ಕಾಳು ಉಬ್ಬಿತ್ತು. ಮಗಳು ಎರಡನ್ನೂ ತೆಗೆದುಕೊಂಡು ಹೋಗಿ ತೊಳೆದು ಬೋರಲು ಹಾಕಿದಳು. ಚಾರ್ಟನ್ನು ಗೋಡೆಯಿಂದ ಕೀಳಲು ಹೋದವಳು 'ಸರಿ' ಎಂದು ಬರೆದ ಸಾಲಿನ ಹತ್ತಿರ ನಿಂತುಬಿಟ್ಟಳು. ಅದನ್ನು ಕೀಳಲಿಲ್ಲ. ಅದು ಈಗಲೂ ಅಲ್ಲೇ ಇದೆ.

ಮಧ್ಯಾಹ್ನ ಅನ್ನ ಮಾಡಿದೆ. ಇದ್ದ ಸಾರು ಬಿಸಿ ಮಾಡಿ ಅವಳಿಗೆ ತಟ್ಟೆ ಇಟ್ಟೆ. ಅವಳು ಕಲಸಿದಳು, ಒಂದು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ, ನುಂಗಿ, ಚೆನ್ನಾಗಿದೆ ಎನ್ನುವ ಹಾಗೆ ತಲೆ ಆಡಿಸಿದಳು. ಆಮೇಲೆ ಬೆರಳಿನಿಂದ ಅನ್ನವನ್ನು ಆ ಕಡೆ ಈ ಕಡೆ ದೂಡುತ್ತಾ ಕೂತಳು. ಅಮ್ಮ ಹೋದಾಗಿನಿಂದ ಅವಳು ಹೀಗೆಯೇ ತಿನ್ನುತ್ತಿದ್ದಾಳೆ ಎಂಬುದು ಆಗ ನನಗೆ ಕಂಡಿತು. ಮುಂಗೈಯ ಮೂಳೆ ಎದ್ದು ಕಾಣುತ್ತಿತ್ತು. ಮೇಷ್ಟ್ರಿಗೆ ಚಾರ್ಟ್ ಇತ್ತು, ಇವಳಿಗೆ ಅದೂ ಇರಲಿಲ್ಲ.

ತಿನ್ನು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಸಾರು ಹಿಡಿಸಲಿಲ್ವಾ, ಬೇರೆ ಏನಾದ್ರೂ ಮಾಡ್ಲಾ ಎನ್ನುವುದೂ ಬಂತು. ಎರಡನ್ನೂ ನುಂಗಿದೆ. ಸೌಟು ಕೆಳಗಿಟ್ಟು ಅವಳ ಎದುರಿಗೆ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವಳ ಅಮ್ಮ ಕೇಳಿದ್ದು ಅಷ್ಟೇ ಅಲ್ಲವೇ.

'ಎಲ್ಲಿ ನೋಯ್ತಿದೆ ಮಗಳೇ?' ಎಂದೆ.

ಅವಳು ತಟ್ಟೆಯನ್ನು ಬದಿಗೆ ಸರಿಸಿದಳು. ಅಮ್ಮನಿಂದ ಶುರುಮಾಡಿದಳು. ನಾನು ಮಧ್ಯೆ ಬಾಯಿ ಹಾಕದೆ ಕೇಳಿದೆ. ಅವತ್ತು ಸಂಜೆ ಅಂಗಡಿ ತೆರೆಯಲಿಲ್ಲ.